ಅಮ್ಮನ ಖಾತೆಗೆ ಮಗಳ ಹೆಸರು: ಜಾಯಿಂಟ್ ಮಾಡಿಸೋದಾ, ಬೇರೆ ದಾರಿ ಇದೆಯಾ?

ತುಂಗಾತೀರ

ಅಮ್ಮನಿಗೆ 71 ವರ್ಷ, ಶಿವಮೊಗ್ಗದಲ್ಲಿದ್ದಾರೆ. ಅಪ್ಪ ಕೇಂದ್ರ ಸರ್ಕಾರಿ ನೌಕರರಾಗಿದ್ದರು, ಈಗ ಅಮ್ಮನಿಗೆ ಫ್ಯಾಮಿಲಿ ಪೆನ್ಷನ್ ಬರುತ್ತದೆ. ಅದು ಬೀಳುವ ಉಳಿತಾಯ ಖಾತೆ ಅವರೊಬ್ಬರ ಹೆಸರಲ್ಲೇ ಇದೆ. ಅದೇ ಶಾಖೆಯಲ್ಲಿ ನಾಲ್ಕು ಎಫ್‌ಡಿ ಇವೆ, ಒಟ್ಟು 14 ಲಕ್ಷ. ನಾಮಿನಿ ಕಾಲಂನಲ್ಲಿ ಇನ್ನೂ ಅಪ್ಪನ ಹೆಸರೇ ಇದೆ. ನಾನು ಬೆಂಗಳೂರಿನಲ್ಲಿದ್ದೇನೆ, ತಮ್ಮ ಶಾರ್ಜಾದಲ್ಲಿ. ಸದ್ಯಕ್ಕೆ ಎಟಿಎಂ ಕಾರ್ಡ್ ನನ್ನ ಹತ್ತಿರ, ಫೋನ್ ಅಮ್ಮನ ಹತ್ತಿರ. ಒಟಿಪಿ ಬಂದರೆ ಅವರು ಓದಿ ಹೇಳುತ್ತಾರೆ.

ಈ ವ್ಯವಸ್ಥೆ ಬಿಟ್ಟು ನನ್ನ ಹೆಸರನ್ನು ಸೇರಿಸಿ "ಐದರ್ ಆರ್ ಸರ್ವೈವರ್" ಮಾಡಿಸೋಣ ಅಂತಿದ್ದೇನೆ. ನಾಲ್ಕು ವಿಷಯ ತಿಳಿಯಬೇಕು. ಪೆನ್ಷನ್ ಖಾತೆಗೆ ಹೆಸರು ಸೇರಿಸಬಹುದಾ? ಎಫ್‌ಡಿಗೆ ಸೇರಿಸಬೇಕಾದರೆ ಮುರಿಸಿ ಹೊಸದು ಮಾಡಿಸಬೇಕಾ? ಬಡ್ಡಿ ನನ್ನ ಆದಾಯಕ್ಕೆ ಸೇರುತ್ತದಾ? ಮುಂದೆ ತಮ್ಮನ ಪಾಲಿಗೆ ತೊಂದರೆ ಆಗುತ್ತದಾ?

ಹಳೇ ಕೌಂಟರ್

ಮೊದಲು ಆ ಕಾರ್ಡ್ ಅಮ್ಮನ ಕೈಗೆ ವಾಪಸ್ ಕೊಡಿ. ಮನೆಯವರೇ ಆದರೂ ಪಿನ್, ಒಟಿಪಿ ಹಂಚಿಕೊಂಡರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಗ್ರಾಹಕರ ಅಜಾಗರೂಕತೆ. ಮೋಸದ ವಹಿವಾಟಿನ ಬಗ್ಗೆ ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ಮೂರನೆಯವರ ಕೈಚಳಕದಿಂದ ಹಣ ಹೋಗಿ ನೀವು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಶೂನ್ಯ. ಆದರೆ ಪಿನ್ ಹಂಚಿಕೊಂಡಿದ್ದರಿಂದ ಹೋಯಿತು ಎಂದಾದರೆ, ದೂರು ಕೊಡುವವರೆಗಿನ ಅಷ್ಟೂ ನಷ್ಟ ಖಾತೆದಾರರದ್ದೇ.

ಬೆಂಗಳೂರಿನದೇ ಒಂದು ಪ್ರಕರಣ ಇದೆ. 2013ರಲ್ಲಿ ಹೆರಿಗೆ ರಜೆಯಲ್ಲಿದ್ದ ಮಹಿಳೆಯೊಬ್ಬರು ಕಾರ್ಡ್ ಮತ್ತು ಪಿನ್ ಗಂಡನ ಕೈಗೆ ಕೊಟ್ಟು ಎಟಿಎಂಗೆ ಕಳಿಸಿದ್ದರು. 25,000 ಕಡಿತವಾದ ಚೀಟಿ ಬಂತು, ನೋಟು ಬರಲಿಲ್ಲ. ಗ್ರಾಹಕ ವೇದಿಕೆ 2018ರಲ್ಲಿ ದೂರನ್ನೇ ವಜಾ ಮಾಡಿತು. ಗಂಡನ ಕೈಯಲ್ಲಿ ಸೆಲ್ಫ್ ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಕೊಟ್ಟು ಕಳಿಸಬೇಕಿತ್ತು, ಪಿನ್ ಕೊಟ್ಟದ್ದು ತಪ್ಪು ಎಂಬುದೇ ಕಾರಣ.

ಇನ್ನು ಪೆನ್ಷನ್ ಖಾತೆ. ಕೇಂದ್ರ ಸರ್ಕಾರದ ಪೆನ್ಷನ್ ಆದರೆ ಅದಕ್ಕೆ ನಿಮ್ಮ ಹೆಸರು ಸೇರುವುದಿಲ್ಲ. ಪೆನ್ಷನ್‌ದಾರರು ತಮ್ಮ ಗಂಡ ಅಥವಾ ಹೆಂಡತಿಯ ಜೊತೆ, ಅದೂ ಪಿಪಿಒದಲ್ಲಿ (ಪೆನ್ಷನ್ ಪಾವತಿ ಆದೇಶ ಪತ್ರ) ಫ್ಯಾಮಿಲಿ ಪೆನ್ಷನ್ ಯಾರಿಗೆ ಎಂದು ಬರೆದಿದೆಯೋ ಅವರ ಜೊತೆ ಮಾತ್ರ ಜಾಯಿಂಟ್ ಇಟ್ಟುಕೊಳ್ಳಬಹುದು. ಕೌಂಟರಿನಲ್ಲಿ ಅರ್ಜಿ ತಗೊಂಡು, ತಿಂಗಳಾದ ಮೇಲೆ ಪೆನ್ಷನ್ ವಿಭಾಗದಿಂದ ತಕರಾರು ಬಂದು ವಾಪಸ್ ಕಳಿಸುವುದು ಹೊಸದೇನಲ್ಲ.

ಅದಕ್ಕೆ ಸುಲಭದ ದಾರಿ ಹೀಗೆ. ಪೆನ್ಷನ್ ಖಾತೆ ಇದ್ದ ಹಾಗೇ ಇರಲಿ. ಅದೇ ಶಾಖೆಯಲ್ಲಿ ಅಮ್ಮ ಮೊದಲನೆಯವರು, ನೀವು ಎರಡನೆಯವರು ಆಗಿ ಇನ್ನೊಂದು ಉಳಿತಾಯ ಖಾತೆ ತೆರೆಸಿ. ಇಬ್ಬರ ಪ್ಯಾನ್, ಆಧಾರ್, ಎರಡೆರಡು ಫೋಟೋ ಬೇಕು, ಇಬ್ಬರೂ ಹೋಗಿ ಸಹಿ ಹಾಕಬೇಕು. ಆಮೇಲೆ ಪೆನ್ಷನ್ ಖಾತೆಯಿಂದ ಇದಕ್ಕೆ ಪ್ರತಿ ತಿಂಗಳು ಇಷ್ಟು ಎಂದು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಬರೆದು ಕೊಡಿ. ತಾರೀಕು 5 ಎಂದು ಹಾಕಿ. ಪೆನ್ಷನ್ ಬೀಳುವುದು ತಿಂಗಳ ಕೊನೆಗೆ, ಮಾರ್ಚಿನದು ಮಾತ್ರ ಏಪ್ರಿಲ್ ಮೊದಲ ಕೆಲಸದ ದಿನ. 1ನೇ ತಾರೀಕು ಹಾಕಿದವರದ್ದು ಏಪ್ರಿಲಿನಲ್ಲಿ ಬ್ಯಾಲೆನ್ಸ್ ಇಲ್ಲ ಎಂದು ಫೇಲಾಗುತ್ತದೆ. ಔಷಧಿ, ಕರೆಂಟ್ ಬಿಲ್, ಮನೆಕೆಲಸದವರ ಸಂಬಳ ಎಲ್ಲ ಜಾಯಿಂಟ್ ಖಾತೆಯಿಂದ ಹೋಗಲಿ.

ಫಾರ್ಮಿನಲ್ಲಿ "ಖಾತೆ ನಡೆಸುವ ವಿಧಾನ" ಎಂಬ ಕಾಲಂ ಬರುತ್ತದೆ, ಅದನ್ನು ಖಾಲಿ ಬಿಡಬೇಡಿ. "ಜಾಯಿಂಟ್ಲಿ" ಅಂದರೆ ಪ್ರತಿ ಚೆಕ್ಕಿಗೂ ಇಬ್ಬರ ಸಹಿ ಬೇಕು, ನಿಮಗೆ ಅದು ಪ್ರಯೋಜನಕ್ಕೆ ಬರಲ್ಲ. "ಫಾರ್ಮರ್ ಆರ್ ಸರ್ವೈವರ್" ಅಂದರೆ ಮೊದಲ ಹೆಸರಿನವರು ಇರುವಷ್ಟು ದಿನ ಅವರೊಬ್ಬರೇ ನಡೆಸುತ್ತಾರೆ, ಆಮೇಲಷ್ಟೇ ಎರಡನೆಯವರು. "ಐದರ್ ಆರ್ ಸರ್ವೈವರ್" ಅಂದರೆ ಯಾರು ಬೇಕಾದರೂ ನಡೆಸಬಹುದು. ನಿಮಗೆ ಬೇಕಾದ್ದು ಇದೇ. ಒಂದು ಮಾತು ನೆನಪಿರಲಿ. ಇಬ್ಬರಲ್ಲಿ ಒಬ್ಬರು "ಇನ್ನು ಇಬ್ಬರ ಸಹಿ ಇಲ್ಲದೆ ಕೊಡಬೇಡಿ" ಎಂದು ಬ್ಯಾಂಕಿಗೆ ಬರೆದು ಕೊಟ್ಟರೆ, ಅಲ್ಲಿಂದ ಮುಂದೆ ಐದರ್ ಸೌಲಭ್ಯ ನಿಲ್ಲುತ್ತದೆ. ಅಮ್ಮನಿಗೆ ಈ ಹಕ್ಕು ಇದೆ ಎಂಬುದನ್ನು ಅವರಿಗೆ ಹೇಳಿಯೇ ಸಹಿ ಹಾಕಿಸಿ.

ಲೆಡ್ಜರ್ ಪುಟ

ಉಳಿತಾಯ ಖಾತೆಯ ಬಗ್ಗೆ ಮೇಲಿನವರು ಹೇಳಿದ್ದಾಗಿದೆ. ಜನ ಹೆಚ್ಚಾಗಿ ಸಿಕ್ಕಿಬೀಳುವುದು ಎಫ್‌ಡಿಯಲ್ಲಿ.

ಹೆಸರು ಸೇರಿಸಲು ಎಫ್‌ಡಿ ಮುರಿಸಬೇಕಿಲ್ಲ. ಮೊತ್ತ ಮತ್ತು ಅವಧಿ ಬದಲಾಗದಿದ್ದರೆ ನಡೆಯುತ್ತಿರುವ ಠೇವಣಿಗೇ ಇನ್ನೊಂದು ಹೆಸರು ಸೇರಿಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. "ಸಿಸ್ಟಂನಲ್ಲಿ ಆಗಲ್ಲ, ಕ್ಲೋಸ್ ಮಾಡಿ ಹೊಸದು ಮಾಡಿಸಿ" ಎಂದು ಹೇಳಿದರೆ ಲಿಖಿತ ಅರ್ಜಿ ಕೊಟ್ಟು ಅದರ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಅವಧಿಗೆ ಮುಂಚೆ ಮುರಿಸಿದರೆ ದಂಡದ ಬಡ್ಡಿ ಹೋಗುವುದು ಅಮ್ಮನ ಜೇಬಿನಿಂದ.

ಈಗ ಮುಖ್ಯ ವಿಷಯ. ಎಫ್‌ಡಿ ರಸೀದಿಯ ಮೇಲೆ "ಐದರ್ ಆರ್ ಸರ್ವೈವರ್" ಎಂದಿದ್ದರೆ ಯಾವಾಗ ಬೇಕಾದರೂ ಒಬ್ಬರೇ ಹೋಗಿ ದುಡ್ಡು ತರಬಹುದು ಎಂದುಕೊಂಡಿರುತ್ತಾರೆ. ಹಾಗಲ್ಲ. ಅದು ಕೆಲಸ ಮಾಡುವುದು ಅವಧಿ ಮುಗಿದಾಗ. ಇಬ್ಬರೂ ಇರುವಾಗ ಅವಧಿಗೆ ಮುಂಚೆ ತೆಗೆಯಬೇಕಾದರೆ ಇಬ್ಬರ ಸಹಿಯೂ ಬೇಕು. ಒಬ್ಬರು ತೀರಿಕೊಂಡ ಮೇಲೆ ಅವಧಿಗೆ ಮುಂಚೆ ತೆಗೆಯಬೇಕಾದರೆ, ತೀರಿಕೊಂಡವರ ವಾರಸುದಾರರ ಒಪ್ಪಿಗೆಯನ್ನೂ ಬ್ಯಾಂಕ್ ಕೇಳುತ್ತದೆ. ಅಂದರೆ ನಿಮ್ಮ ತಮ್ಮ ಶಾರ್ಜಾದಿಂದ ಒಪ್ಪಿಗೆ ಪತ್ರ ದೃಢೀಕರಿಸಿ ಕಳಿಸಬೇಕಾಗುತ್ತದೆ. ಆಸ್ಪತ್ರೆ ಬಿಲ್ ಕಟ್ಟುವ ಹೊತ್ತಿನಲ್ಲಿ ಇದು ಗೊತ್ತಾದರೆ ಏನೂ ಮಾಡಲಾಗುವುದಿಲ್ಲ.

ಇದಕ್ಕೆ ಪರಿಹಾರ ಎಂದರೆ ಜಂಟಿ ಮ್ಯಾಂಡೇಟ್. ಠೇವಣಿ ಇಡುವಾಗ ಅಥವಾ ಅವಧಿಯ ಮಧ್ಯೆ ಯಾವಾಗಲಾದರೂ ಇಬ್ಬರೂ ಸಹಿ ಹಾಕಿ ಕೊಡಬಹುದು. ಫಾರ್ಮಿನಲ್ಲಿ ಟಿಕ್ ಮಾಡುವ ಜಾಗ ಇರುತ್ತದೆ. ಇಲ್ಲದಿದ್ದರೆ ಬಿಳಿ ಹಾಳೆಯ ಮೇಲೆ ಈ ಅರ್ಥ ಬರುವಂತೆ ಬರೆದರೆ ಸಾಕು:

"ನಮ್ಮ ಜಂಟಿ ಹೆಸರಿನ ಠೇವಣಿ ಸಂಖ್ಯೆ ........ ಅನ್ನು ನಮ್ಮಲ್ಲಿ ಯಾರೊಬ್ಬರ ಕೋರಿಕೆಯ ಮೇಲೂ ಅವಧಿಗೆ ಮುಂಚೆ ಪಾವತಿಸಬಹುದು. ನಮ್ಮಲ್ಲಿ ಒಬ್ಬರು ಮೃತರಾದಲ್ಲಿ, ಬದುಕಿರುವವರ ಕೋರಿಕೆಯ ಮೇಲೆ, ಮೃತರ ವಾರಸುದಾರರ ಒಪ್ಪಿಗೆ ಇಲ್ಲದೆ ಅವಧಿಗೆ ಮುಂಚೆ ಪಾವತಿಸಬಹುದು."

ಒಂದೊಂದು ಎಫ್‌ಡಿಗೂ ಅದರ ನಂಬರ್ ಬರೆದು ಕೊಡಿ. ರಿನ್ಯೂ ಆದಾಗ ನಂಬರ್ ಬದಲಾಯಿತೇ ಎಂದು ನೋಡಿ, ಬದಲಾಗಿದ್ದರೆ ಮತ್ತೆ ಕೊಡಬೇಕು.

ತೆರಿಗೆ: ಟಿಡಿಎಸ್ (ಬಡ್ಡಿ ಕೊಡುವಾಗಲೇ ಬ್ಯಾಂಕ್ ಹಿಡಿದುಕೊಳ್ಳುವ ತೆರಿಗೆ) ಕಡಿಯುವುದು ಮೊದಲ ಹೆಸರಿನವರ ಪ್ಯಾನ್ ಮೇಲೆ. ಹಾಗಾಗಿ ಅಮ್ಮನ ಹೆಸರೇ ಮೊದಲಿರಲಿ. 60 ದಾಟಿದವರಿಗೆ ಒಂದು ಬ್ಯಾಂಕಿನಲ್ಲಿ ವರ್ಷದ ಎಫ್‌ಡಿ ಬಡ್ಡಿ 1 ಲಕ್ಷ ದಾಟುವವರೆಗೆ ಟಿಡಿಎಸ್ ಇಲ್ಲ. ಉಳಿದವರಿಗೆ ಈ ಮಿತಿ 50,000. 14 ಲಕ್ಷಕ್ಕೆ 7 ಚಿಲ್ಲರೆ ಪರ್ಸೆಂಟ್ ಹಿಡಿದರೂ ಬಡ್ಡಿ 1 ಲಕ್ಷದ ಆಚೀಚೆ ಬರುತ್ತದೆ, ಅಂದರೆ ಮಿತಿಯ ಅಂಚಿನಲ್ಲಿದ್ದೀರಿ. ಅಮ್ಮನ ಒಟ್ಟು ಆದಾಯಕ್ಕೆ ತೆರಿಗೆಯೇ ಬರದಿದ್ದರೆ, ಟಿಡಿಎಸ್ ಕಡಿಯಬೇಡಿ ಎಂಬ ಘೋಷಣೆಯನ್ನು (ಎಲ್ಲರೂ 15ಎಚ್ ಎನ್ನುವುದು) ವರ್ಷದ ಆರಂಭದಲ್ಲೇ ಕೊಟ್ಟುಬಿಡಿ. ಅದನ್ನು ಕೊಡಬಹುದಾದವರು ಮೊದಲ ಹೆಸರಿನವರು. ಹಿರಿಯರಿಗೆ ಸಿಗುವ ಹೆಚ್ಚುವರಿ ಬಡ್ಡಿಯೂ ಮೊದಲ ಹೆಸರಿನವರು ಹಿರಿಯರಾಗಿದ್ದರೆ ಸಿಗುತ್ತದೆ. ನಿಮ್ಮ ಹೆಸರು ಎರಡನೆಯದು, ಹಣವೂ ನಿಮ್ಮದಲ್ಲ, ಆದ್ದರಿಂದ ಬಡ್ಡಿ ನಿಮ್ಮ ಆದಾಯಕ್ಕೆ ಸೇರುವುದಿಲ್ಲ. ಉಳಿತಾಯ ಖಾತೆಯ ಬಡ್ಡಿಗೆ ಟಿಡಿಎಸ್ ಎಂಬುದೇ ಇಲ್ಲ, ಆದರೆ ರಿಟರ್ನಿನಲ್ಲಿ ತೋರಿಸಬೇಕು.

ಇನ್ನೊಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ಯಾಂಕ್ ಮುಳುಗಿದರೆ ಸಿಗುವ ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ, ಅಸಲು ಬಡ್ಡಿ ಎರಡೂ ಸೇರಿ, ಉಳಿತಾಯ ಖಾತೆಯ ಹಣವೂ ಸೇರಿ. ಅಮ್ಮನ ಒಂದೇ ಹೆಸರಿನ 14 ಲಕ್ಷದಲ್ಲಿ 5 ಲಕ್ಷಕ್ಕೆ ಮಾತ್ರ ವಿಮೆ ಇದೆ. ಅಮ್ಮ ಮತ್ತು ನೀವು ಎಂಬ ಜಂಟಿ ಠೇವಣಿಗೆ ಬೇರೆ 5 ಲಕ್ಷ. ಹೆಸರಿನ ಕ್ರಮ ತಿರುಗಿಸಿ, ನೀವು ಮತ್ತು ಅಮ್ಮ ಎಂದು ಮಾಡಿದರೆ ಅದಕ್ಕೆ ಮತ್ತೊಂದು 5 ಲಕ್ಷ ಎಂದು ವಿಮಾ ನಿಗಮದ ಲೆಕ್ಕ. ಆದರೆ ಕ್ರಮ ತಿರುಗಿಸಿದ ತಕ್ಷಣ ಟಿಡಿಎಸ್ ನಿಮ್ಮ ಪ್ಯಾನ್‌ಗೆ ಬರುತ್ತದೆ, ಹಿರಿಯರ ಬಡ್ಡಿ ಹೋಗುತ್ತದೆ. ಈ ಸರ್ಕಸ್ಸಿಗಿಂತ ಅವಧಿ ಮುಗಿದ ಒಂದೆರಡು ಎಫ್‌ಡಿಯನ್ನು ಬೇರೆ ಬ್ಯಾಂಕಿಗೆ ಹಾಕುವುದೇ ವಾಸಿ. ಸಣ್ಣ ಸಹಕಾರಿ ಬ್ಯಾಂಕುಗಳಲ್ಲಿ ಇಟ್ಟವರಂತೂ ಇದನ್ನು ಮರೆಯಲೇಬಾರದು. ಮತ್ತೆ, ಕ್ರೆಡಿಟ್ ಕೋ-ಆಪರೇಟಿವ್ ಸೊಸೈಟಿಗೆ ಈ ವಿಮೆಯೇ ಇಲ್ಲ, ಬೋರ್ಡಿನ ಮೇಲೆ ಏನೇ ಬರೆದಿರಲಿ.

ತುಂಗಾತೀರ

ಇಬ್ಬರಿಗೂ ಧನ್ಯವಾದ. ಪೆನ್ಷನ್ ಖಾತೆಯನ್ನು ಬಿಟ್ಟು ಹೊಸ ಜಾಯಿಂಟ್ ತೆರೆಸುತ್ತೇವೆ. ಎರಡು ಸಂಶಯ ಉಳಿದಿವೆ. ಹೊಸ ಖಾತೆಗೆ ಯಾರ ಮೊಬೈಲ್ ನಂಬರ್ ಕೊಡಬೇಕು? ನನ್ನದನ್ನೇ ಕೊಟ್ಟರೆ ಅಮ್ಮನಿಗೆ ಕಿರಿಕಿರಿ ಇರಲ್ಲ ಅನಿಸುತ್ತದೆ. ಎರಡನೆಯದು, ತಮ್ಮ "ನನ್ನ ಹೆಸರನ್ನೂ ಸೇರಿಸಿ" ಅಂತಿದ್ದಾನೆ. ಅನಿವಾಸಿ ಭಾರತೀಯರನ್ನು ಸೇರಿಸಬಹುದಾ?

ಪಿನ್ ಮರೆತವ

ಮೊಬೈಲ್ ನಂಬರ್ ವಿಷಯದಲ್ಲಿ ನಿಮ್ಮದೊಂದನ್ನೇ ಕೊಡಬೇಡಿ. ಬ್ಯಾಂಕಿನಲ್ಲಿ ನಂಬರ್ ಕೂರುವುದು ಖಾತೆಗಲ್ಲ, ಒಬ್ಬೊಬ್ಬ ಗ್ರಾಹಕರ ವಿವರ ಇರುವ ದಾಖಲೆಗೆ, ಅಂದರೆ ಸಿಐಎಫ್‌ಗೆ. ಅಮ್ಮನ ಸಿಐಎಫ್‌ಗೆ ನಿಮ್ಮ ನಂಬರ್ ಹಾಕಿಸಿದರೆ ಪೆನ್ಷನ್ ಖಾತೆ, ಎಫ್‌ಡಿ ಎಲ್ಲದರ ಎಸ್ಸೆಮ್ಮೆಸ್ ನಿಮಗೇ ಬರುತ್ತದೆ, ಅಮ್ಮನ ಫೋನಿನ ಯುಪಿಐ ನಿಂತುಹೋಗುತ್ತದೆ. ಆಧಾರಿನಲ್ಲಿ ಒಂದು ನಂಬರ್, ಬ್ಯಾಂಕಿನಲ್ಲಿ ಇನ್ನೊಂದು ಎಂದಾಗಿ ಮುಂದೆ ಯಾವುದೇ ಅರ್ಜಿಗೂ ಅಡ್ಡಿ. ಅಮ್ಮನ ಸಿಐಎಫ್‌ಗೆ ಅಮ್ಮನ ನಂಬರ್, ನಿಮ್ಮ ಸಿಐಎಫ್‌ಗೆ ನಿಮ್ಮ ನಂಬರ್. ಎರಡೂ ಸಿಐಎಫ್ ಈ ಖಾತೆಗೆ ಜೋಡಣೆಯಾಗಿರಬೇಕು, ಅಷ್ಟೆ.

ನಿಮಗೆ ಬೇರೆ ಡೆಬಿಟ್ ಕಾರ್ಡ್ ಕೇಳಿ. ಖಾತೆ ಒಂದೇ ಆದರೂ ಕಾರ್ಡ್ ಎರಡು, ಪಿನ್ ಎರಡು. ಆ ಕಾರ್ಡಿನಿಂದ ನಿಮ್ಮ ಫೋನಿನಲ್ಲಿ ಯುಪಿಐ ಪಿನ್ ಹಾಕಿಕೊಳ್ಳಿ. ಆ್ಯಪ್‌ನಲ್ಲಿ "ಖಾತೆ ಸಿಗುತ್ತಿಲ್ಲ" ಎಂದು ಬಂದರೆ ಕಾರಣ ಸಾಮಾನ್ಯವಾಗಿ ಎರಡೇ. ನಿಮ್ಮ ಸಿಐಎಫ್‌ನಲ್ಲಿ ನಂಬರ್ ಇಲ್ಲ, ಅಥವಾ ನಡೆಸುವ ವಿಧಾನ "ಜಾಯಿಂಟ್ಲಿ" ಎಂದು ಎಂಟ್ರಿ ಆಗಿದೆ. ಎರಡನ್ನೂ ಶಾಖೆಯಲ್ಲೇ ಸರಿಮಾಡಬೇಕು, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ಜಾಯಿಂಟ್ ಬೇಡ, ದಿನಸಿ ಔಷಧಿಗೆ ಮಾತ್ರ ಸಾಕು ಅನ್ನುವವರಿಗೆ ಯುಪಿಐ ಸರ್ಕಲ್ ಇದೆ. 2024ರಲ್ಲಿ ಬಂತು. ಅಮ್ಮ ತಮ್ಮ ಆ್ಯಪ್‌ನಲ್ಲಿ ನಿಮ್ಮನ್ನು ಸೇರಿಸುತ್ತಾರೆ, ನೀವು ನಿಮ್ಮ ಫೋನಿನಿಂದ ಕೊಟ್ಟರೆ ಅವರ ಖಾತೆಯಿಂದ ಹಣ ಹೋಗುತ್ತದೆ. ಪೂರ್ತಿ ಅನುಮತಿ ಕೊಟ್ಟರೆ ತಿಂಗಳಿಗೆ 15,000, ಒಂದು ಸಲಕ್ಕೆ 5,000 ಗರಿಷ್ಠ. ಭಾಗಶಃ ಅನುಮತಿ ಆದರೆ ಪ್ರತಿ ಸಲ ಅಮ್ಮನ ಫೋನಿಗೆ ಕೋರಿಕೆ ಹೋಗಿ ಅವರು ಪಿನ್ ಒತ್ತಬೇಕು. ಒಬ್ಬರು ಐದು ಜನರನ್ನು ಸೇರಿಸಬಹುದು, ಆದರೆ ನೀವು ಒಬ್ಬರ ಸರ್ಕಲ್‌ನಲ್ಲಿ ಮಾತ್ರ ಇರಬಹುದು. ಅಮ್ಮನ ಪಿನ್ ನಿಮಗೆ ಗೊತ್ತಾಗುವುದೇ ಇಲ್ಲ, ಇದರ ಲಾಭ ಅದೇ. ಪೆನ್ಷನ್ ಖಾತೆಯ ಮೇಲೂ ಇದನ್ನು ಮಾಡಿಕೊಳ್ಳಬಹುದು, ಏಕೆಂದರೆ ಖಾತೆಯ ಹೆಸರು ಬದಲಾಗುವುದಿಲ್ಲ. ಆಸ್ಪತ್ರೆ ಬಿಲ್ಲಿಗೆ ಮಾತ್ರ ಇದು ಏನಕ್ಕೂ ಸಾಲದು.

ವಕಾಲತ್ತು

ತಮ್ಮನ ವಿಷಯಕ್ಕೆ ಬರೋಣ. ನಿವಾಸಿಯೊಬ್ಬರು ತಮ್ಮ ಉಳಿತಾಯ ಖಾತೆಗೆ ಅನಿವಾಸಿ ಹತ್ತಿರದ ಸಂಬಂಧಿಯನ್ನು "ಐದರ್ ಆರ್ ಸರ್ವೈವರ್" ಆಗಿಯೇ ಸೇರಿಸಿಕೊಳ್ಳಲು ರಿಸರ್ವ್ ಬ್ಯಾಂಕ್ 2014ರ ಜನವರಿಯಿಂದ ಅವಕಾಶ ಕೊಟ್ಟಿದೆ. ಷರತ್ತು ಬಿಗಿ. ಅದು ಅಮ್ಮನ ಖಾತೆಯಾಗಿಯೇ ಇರಬೇಕು, ಅವರ ಪರವಾಗಿ ಇಲ್ಲಿನ ಖರ್ಚಿಗೆ ಮಾತ್ರ ತಮ್ಮ ಅದನ್ನು ಬಳಸಬಹುದು. ತನ್ನ ಶಾರ್ಜಾ ಸಂಬಳವನ್ನೋ ಇಲ್ಲಿನ ಮನೆ ಬಾಡಿಗೆಯನ್ನೋ ಅದಕ್ಕೆ ಹಾಕಿಕೊಳ್ಳುವಂತಿಲ್ಲ; ಅದಕ್ಕೆ ಅನಿವಾಸಿಗಳಿಗೆಂದೇ ಇರುವ ಅವನ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿವೆ. ಹಣ ಬೆರೆತರೆ ಮುಂದೆ ಲೆಕ್ಕ ಬಿಡಿಸುವುದು ಕಷ್ಟ. ನನ್ನ ಸಲಹೆ, ಅವನನ್ನು ಖಾತೆಗೆ ಸೇರಿಸಬೇಡಿ, ನಾಮಿನಿ ಮಾಡಿ.

ಆದರೆ ನಾಮಿನಿ ಎಲ್ಲಿ ಹಾಕುತ್ತೀರಿ ಎಂಬುದು ಮುಖ್ಯ. ಜಂಟಿ ಖಾತೆಯಲ್ಲಿ ನಾಮಿನಿಯ ಸರದಿ ಬರುವುದು ಖಾತೆದಾರರೆಲ್ಲರೂ ತೀರಿಕೊಂಡ ಮೇಲೆ. ನೀವು ಬದುಕಿರುವಷ್ಟು ದಿನ ಆ ಖಾತೆಯಲ್ಲಿ ತಮ್ಮನ ನಾಮಿನೇಷನ್ನಿಗೆ ಕೆಲಸವೇ ಇಲ್ಲ. ಆದ್ದರಿಂದ ಎಲ್ಲ ಎಫ್‌ಡಿಗಳನ್ನೂ ಜಾಯಿಂಟ್ ಮಾಡಿಸಬೇಡಿ. ತುರ್ತಿಗೆ ಎಂದು ಒಂದೋ ಎರಡೋ ಜಾಯಿಂಟ್ ಇರಲಿ, ಮೇಲೆ ಹೇಳಿದ ಮ್ಯಾಂಡೇಟ್ ಸಮೇತ. ಉಳಿದವು ಅಮ್ಮನ ಒಂದೇ ಹೆಸರಲ್ಲಿರಲಿ, ನಾಮಿನಿಯಾಗಿ ಇಬ್ಬರೂ ಮಕ್ಕಳು, 50:50. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು, ಯಾರಿಗೆ ಎಷ್ಟು ಪರ್ಸೆಂಟ್ ಎಂದೂ ಬರೆಯಬಹುದು. ಒಟ್ಟು 100 ಆಗಬೇಕು. ಅಪ್ಪನ ಹೆಸರು ಇನ್ನೂ ಇದೆ ಎಂದಿರಿ, ಅದನ್ನು ಮೊದಲು ರದ್ದು ಮಾಡಿಸಿ. ಅಮ್ಮ ಸಹಿ ಹಾಕುತ್ತಾರಾದರೆ ಸಾಕ್ಷಿ ಬೇಡ. ಹೆಬ್ಬೆಟ್ಟಾದರೆ ಇಬ್ಬರು ಸಾಕ್ಷಿ ಬೇಕು.

ನಾಮಿನಿಯಾಗಲಿ, ಸರ್ವೈವರ್ ಆಗಲಿ, ಬ್ಯಾಂಕಿನಿಂದ ಹಣ ಪಡೆಯುವ ಅಧಿಕಾರ ಇರುವವರು ಅಷ್ಟೇ. ಆ ಹಣ ಅವರದಾಗುವುದಿಲ್ಲ. ನಾಮಿನಿಯ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟವಾಗಿ ಹೇಳಿದೆ. ಅಮ್ಮ ವಿಲ್ ಬರೆಯದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ನಿಮಗೂ ತಮ್ಮನಿಗೂ ಸಮಪಾಲು. ಜಾಯಿಂಟ್ ಖಾತೆಯಲ್ಲಿ ಉಳಿದದ್ದಕ್ಕೂ ಅದೇ ಲೆಕ್ಕ. ಇಬ್ಬರು ಸಾಕ್ಷಿಗಳ ಸಹಿಯಿರುವ ವಿಲ್ ಇದ್ದರೆ ತಕರಾರು ಕಡಿಮೆ, ಅದಕ್ಕೆ ಸ್ಟಾಂಪ್ ಪೇಪರೂ ಬೇಡ, ರಿಜಿಸ್ಟ್ರೇಷನ್ನೂ ಕಡ್ಡಾಯವಲ್ಲ.

ಜಾಯಿಂಟ್ ಖಾತೆಗೆ ಒಂದು ಅಪಾಯವೂ ಇದೆ. ನಿಮ್ಮ ಮೇಲೆ ಆದಾಯ ತೆರಿಗೆ ಬಾಕಿ ಬಿದ್ದರೆ ಇಲಾಖೆ ಜಂಟಿ ಖಾತೆಗೂ ನೋಟಿಸ್ ಕಳಿಸಬಹುದು. ಬೇರೆ ಪುರಾವೆ ಕೊಡುವವರೆಗೆ ಪಾಲು ಸಮ ಎಂದೇ ಕಾನೂನು ಭಾವಿಸುತ್ತದೆ. ಅಮ್ಮನ ಅರ್ಧ ಹಣ ಅಷ್ಟು ದಿನ ಸಿಕ್ಕಿಹಾಕಿಕೊಂಡ ಹಾಗೆ. ವ್ಯಾಪಾರ, ಜಾಮೀನು ಸಹಿ ಇತ್ಯಾದಿ ಇರುವ ಮಕ್ಕಳ ಹೆಸರು ಸೇರಿಸುವ ಮುಂಚೆ ಇದನ್ನು ಯೋಚಿಸಬೇಕು. ಈ ಕಾರಣಕ್ಕೇ ಜಾಯಿಂಟ್ ಖಾತೆಯಲ್ಲಿ ಎರಡು ಮೂರು ತಿಂಗಳ ಖರ್ಚಿನಷ್ಟು ಮಾತ್ರ ಇಡಿ.

ಹೆಗ್ಗೋಡು ರಸ್ತೆ

ಇಷ್ಟೆಲ್ಲ ಯಾಕೆ? ಒಂದು ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಮುಗಿಯಿತಲ್ಲ?

ವಕಾಲತ್ತು

ಮುಗಿಯುವುದಿಲ್ಲ. ಪವರ್ ಕೊಟ್ಟವರು ತೀರಿಕೊಂಡರೆ ಅದು ಬಿದ್ದುಹೋಗುತ್ತದೆ. ಅವರ ಬುದ್ಧಿ ಸ್ಥಿಮಿತ ತಪ್ಪಿದರೂ ಬಿದ್ದುಹೋಗುತ್ತದೆ, ಕರಾರು ಕಾಯ್ದೆಯ 201ನೇ ಸೆಕ್ಷನ್. ಮರೆವಿನ ಕಾಯಿಲೆ ಬಂದಾಗ ಬೇಕಾಗುತ್ತದೆ ಎಂದು ಬರೆಸಿಟ್ಟದ್ದು ಸರಿಯಾಗಿ ಆಗಲೇ ಬೆಲೆ ಕಳೆದುಕೊಳ್ಳುತ್ತದೆ. ಖಾತೆ ನಡೆಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ, ಬ್ಯಾಂಕಿನದೇ ಮ್ಯಾಂಡೇಟ್ ಪತ್ರಕ್ಕೂ ಇದೇ ಮಿತಿ. ಅಮ್ಮ ಗಟ್ಟಿಯಾಗಿದ್ದು ಓಡಾಡಲು ಮಾತ್ರ ಆಗದಿದ್ದರೆ ಎರಡೂ ಸರಿ.

ಹಳೇ ಕೌಂಟರ್

ಓಡಾಡಲು ಆಗದಿದ್ದರೆ ಅದಕ್ಕೂ ವ್ಯವಸ್ಥೆ ಇದೆ. 70 ದಾಟಿದವರಿಗೆ ಮನೆಗೇ ಬಂದು ನಗದು ಕೊಡುವ, ಚೆಕ್ ತಗೊಂಡು ಹೋಗುವ ಸೇವೆ ಕೊಡಿ ಎಂದು ಬ್ಯಾಂಕುಗಳಿಗೆ 2017ರಲ್ಲೇ ಸೂಚನೆ ಇದೆ. ಸಹಿ ಹಾಕಲಾಗದಷ್ಟು ನಿತ್ರಾಣವಾದರೆ ಕೈ ಅಥವಾ ಕಾಲಿನ ಹೆಬ್ಬೆರಳ ಗುರುತೂ ನಡೆಯುತ್ತದೆ. ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕ್ ಅಧಿಕಾರಿ. ಮ್ಯಾನೇಜರಿಗೆ ಬರೆದು ಕೇಳಿ, ಬಾಯಿಮಾತಲ್ಲಿ ಕೇಳಿದರೆ "ಸ್ಟಾಫ್ ಇಲ್ಲ" ಎಂಬ ಉತ್ತರ ತಯಾರಿರುತ್ತದೆ.

ತುಂಗಾತೀರ ಅವರಿಗೆ ಇನ್ನೆರಡು ಮಾತು. ನವೆಂಬರಿನ ಜೀವನ ಪ್ರಮಾಣಪತ್ರ ತಪ್ಪಿಸಬೇಡಿ. ಅದು ನಿಂತರೆ ಪೆನ್ಷನ್ ನಿಲ್ಲುತ್ತದೆ, ಪೆನ್ಷನ್ ನಿಂತರೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ನೂ ನಿಲ್ಲುತ್ತದೆ. ಮತ್ತೆ, ಮುಂದೆಂದೋ ಅಮ್ಮನ ನಂತರ ಬ್ಯಾಂಕಿಗೆ ತಿಳಿಸುವುದು ತಡವಾಗಿ ಪೆನ್ಷನ್ ಬೀಳುತ್ತಲೇ ಇದ್ದು, ಅದು ತಾನಾಗಿ ಜಾಯಿಂಟ್ ಖಾತೆಗೆ ಬಂದು ಖರ್ಚಾದರೆ, ವಾಪಸ್ ಕಟ್ಟಬೇಕಾದವರು ನೀವು. ಅಂಥ ಸಮಯದಲ್ಲಿ ಮೊದಲ ವಾರದಲ್ಲೇ ಆ ಇನ್‌ಸ್ಟ್ರಕ್ಷನ್ ರದ್ದು ಮಾಡಿಸಿ.

ಶಾಖೆಯಿಂದ ಹೊರಡುವ ಮುಂಚೆ ಹೊಸ ಪಾಸ್‌ಬುಕ್ಕಿನ ಮೊದಲ ಪುಟ ಓದಿ. ಎರಡೂ ಹೆಸರು, ಯಾರದು ಮೊದಲು, ನಡೆಸುವ ವಿಧಾನದ ಎದುರು "ಇ ಆರ್ ಎಸ್" ಅಥವಾ ಪೂರ್ತಿ ಪದ, ನಾಮಿನೇಷನ್ ನೋಂದಾಯಿಸಲಾಗಿದೆ ಎಂಬ ಸಾಲು, ಇಷ್ಟೂ ಅಚ್ಚಾಗಿರಬೇಕು. ಎಫ್‌ಡಿ ರಸೀದಿಗಳಲ್ಲೂ ಇದನ್ನೇ ನೋಡಿ. ಎಷ್ಟೋ ಸಲ ಅರ್ಜಿಯಲ್ಲಿ ಐದರ್ ಎಂದು ಟಿಕ್ ಆಗಿರುತ್ತದೆ, ಕಂಪ್ಯೂಟರಿನಲ್ಲಿ "ಸಿಂಗಲ್" ಎಂದೇ ಉಳಿದಿರುತ್ತದೆ. ಹಾಗಿದ್ದರೆ ಅಲ್ಲೇ ನಿಂತು ಸರಿಮಾಡಿಸಿ ಮತ್ತೊಮ್ಮೆ ಪ್ರಿಂಟ್ ತಗೊಳ್ಳಿ.